ಬೆರಳು ಬಲ್ಲ ಬೆಲೆ

ನಮ್ಮ ಕನ್ನಡ ಕೂಟಗಳ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಲ್ಲಿ ಈಗ ವೀಣೆ, ಪಿಟೀಲುಗಳ ಜೊತೆಗೆ ಎಲೆಕ್ಟ್ರಿಕ್ ಗಿಟಾರೂ ವೇದಿಕೆಯೇರುತ್ತಿದೆ. ಅದನ್ನು ನುಡಿಸುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಈ ನೆಲದಲ್ಲೇ ಹುಟ್ಟಿ ಬೆಳೆದವರು. ಇದು ಸರಿಯೇ, ತಪ್ಪೇ ಎಂಬ ಚರ್ಚೆ ನನಗೆ ಬೇಡ. ವಾದ್ಯ ನಮ್ಮ ಮನೆಗಳನ್ನು ಹೊಕ್ಕಾಗಿದೆ. ನನ್ನ ತಕರಾರು ಬೇರೆ. ವೀಣೆ ಕೊಳ್ಳುವಾಗ ನಮ್ಮ ಹಿರಿಯರು ತೋರುತ್ತಿದ್ದ ವಿವೇಕದ ಕಾಲುಭಾಗವನ್ನೂ ನಾವು ಗಿಟಾರು ಕೊಳ್ಳುವಾಗ ತೋರುತ್ತಿಲ್ಲ.

ಮೈಸೂರಿನಲ್ಲಿ ವೀಣೆ ಕೊಳ್ಳುವುದೆಂದರೆ ಅದೊಂದು ಪರೀಕ್ಷೆಯೇ ಆಗಿತ್ತು. ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಹಲಸಿನ ಮರ ಚೆನ್ನಾಗಿ ಒಣಗಿದೆಯೇ, ಕೊಡವೂ ದಂಡಿಯೂ ಒಂದೇ ಮರದಿಂದ ಕಡೆದ ಏಕಾಂಡವೇ ಅಥವಾ ಬೆಸೆದದ್ದೇ ಎಂದು ನೋಡುತ್ತಿದ್ದರು. ಇಪ್ಪತ್ತನಾಲ್ಕು ಮೆಟ್ಟಿಲುಗಳ ಮೇಲೂ ಬೆರಳಾಡಿಸಿ, ತಂತಿ ಎಲ್ಲಿಯಾದರೂ ಕರಕರ ಎನ್ನುತ್ತದೆಯೇ ಎಂದು ಕಿವಿಗೊಡುತ್ತಿದ್ದರು. ಕೊಡದ ಮೇಲಿನ ಚಿತ್ತಾರ, ಯಾಳಿಯ ಮುಖದ ಬಣ್ಣ, ಇವೆಲ್ಲ ಕೊನೆಯ ಮಾತು.

ಇಲ್ಲಿ ನಡೆಯುವುದು ಇದಕ್ಕೆ ತಲೆಕೆಳಗು. ನನ್ನ ಪರಿಚಿತರೊಬ್ಬರು ಮಗಳ ಪದವಿ ಪ್ರದಾನದ ಉಡುಗೊರೆಯೆಂದು ನಾಲ್ಕು ಸಾವಿರ ಡಾಲರಿನ ಗಿಟಾರು ತಂದರು. ಹೆಸರಾಂತ ತಯಾರಿಕೆ, ಮೇಲ್ಮೈಯಲ್ಲಿ ಹುಲಿಪಟ್ಟೆಯಂತೆ ಮಿನುಗುವ ಮೇಪಲ್, ತೂಕ ಹತ್ತು ಪೌಂಡು. ಹುಡುಗಿಯದು ಸಣ್ಣ ಮೈಕಟ್ಟು, ಪುಟ್ಟ ಅಂಗೈ. ಅರ್ಧ ಗಂಟೆ ಹೆಗಲಿಗೆ ಹಾಕಿಕೊಂಡರೆ ಭುಜ ನೋಯುತ್ತಿತ್ತು; ದಪ್ಪನೆಯ ದಂಡಿಯನ್ನು ಬಳಸಿ ಹೆಬ್ಬೆರಳು ಮೇಲಕ್ಕೆ ಬರುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ವಾದ್ಯ ಪೆಟ್ಟಿಗೆಯೊಳಗೆ ಮಲಗಿತು. ಹಣ ಹೋಯಿತೆಂಬುದಕ್ಕಲ್ಲ, ನುಡಿಸುತ್ತಿದ್ದ ಹುಡುಗಿ ನುಡಿಸುವುದನ್ನೇ ಬಿಟ್ಟಳೆಂಬುದಕ್ಕೆ ನನಗೆ ಸಂಕಟ. ಅವಳ ಹಳೆಯ ಅಗ್ಗದ ಗಿಟಾರು ಅವಳ ಕೈಗೆ ಒಗ್ಗಿತ್ತು. ಆ ಮಾತನ್ನು ಅವಳನ್ನು ಕೇಳಿದವರೇ ಇಲ್ಲ.

ವೃತ್ತಿಯಿಂದ ನಾನು ಇಂಜಿನಿಯರ್. ಮಿಷಿಗನ್ ರಾಜ್ಯದ ಮೋಟಾರು ಕಾರ್ಖಾನೆಗಳಲ್ಲಿ ಒಂದು ಬಿಡಿಭಾಗ ಇನ್ನೊಂದರೊಡನೆ ಎಷ್ಟು ಬಿಗಿಯಾಗಿ ಕೂಡುತ್ತದೆಂದು ಅಳೆಯುವುದೇ ನನ್ನ ಕಸುಬು. ಹವ್ಯಾಸದಿಂದ ಗಿಟಾರು ಹಿಡಿದವನು. ಈ ಎರಡು ಅಭ್ಯಾಸಗಳ ಬಲದಿಂದ ನಾನು ಹೇಳಬಲ್ಲದ್ದು ಇಷ್ಟು: ದುಬಾರಿ ಗಿಟಾರಿನಲ್ಲಿ ಬೆಲೆ ಕೊಡಬೇಕಾದದ್ದು ಬೆರಳು ಮುಟ್ಟುವ ಕಡೆಗೆ, ಕಣ್ಣು ಮುಟ್ಟುವ ಕಡೆಗಲ್ಲ.

ಅಮೆರಿಕೆಯ ಮೂರು ಪ್ರಸಿದ್ಧ ವಾದ್ಯಗಳನ್ನು ತೆಗೆದುಕೊಳ್ಳೋಣ. 1954ರಲ್ಲಿ ಹೊರಬಂದ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್, ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ದುರಸ್ತಿ ಮಾಡುತ್ತಿದ್ದ ಲಿಯೊ ಫೆಂಡರನ ಸೃಷ್ಟಿ. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಆದರೂ ಒಡಲಿನ ಅಂಚುಗಳನ್ನು ಪಕ್ಕೆಲುಬಿಗೂ ಮುಂದೋಳಿಗೂ ಹೊಂದುವಂತೆ ಸವರಿದ ಆ ವಾದ್ಯದಷ್ಟು ಮೈಗೆ ಒಗ್ಗುವುದು ಇನ್ನೊಂದಿಲ್ಲ. ಅದರ ದಂಡಿ ಮೇಪಲ್ ಮರದ್ದು. ಒಡಲಿಗೆ ನಾಲ್ಕು ತಿರುಪುಗಳಿಂದ ಬಿಗಿದದ್ದು. ಕೆಟ್ಟರೆ ಬಿಚ್ಚಿ ಬೇರೆಯದನ್ನು ಕೂಡಿಸಬಹುದು. ಗಿಬ್ಸನ್ ಕಂಪನಿಯ ಲೆಸ್ ಪಾಲ್ 1952ರದು. ಮಹಾಗನಿಯ ಒಡಲಿನ ಮೇಲೆ ಮೇಪಲ್ ಹೊದಿಕೆ, ಅಂಟಿನಿಂದ ಬೆಸೆದ ಮಹಾಗನಿಯ ದಂಡಿ. ಭಾರ ಹೆಚ್ಚು, ಬೆನ್ನು ಚಪ್ಪಟೆ, ನಾದ ಗಂಭೀರ. ಮೂರನೆಯದು ಪಾಲ್ ರೀಡ್ ಸ್ಮಿತ್ ಎಂಬ ಕುಶಲಿ 1985ರಲ್ಲಿ ಮೇರಿಲ್ಯಾಂಡಿನಲ್ಲಿ ಆರಂಭಿಸಿದ ಪಿ.ಆರ್.ಎಸ್. ಇವೆರಡರ ಗುಣಗಳನ್ನೂ ಕೂಡಿಸುವ ಪ್ರಯತ್ನ ಅದು. ಅದರ ಕಸ್ಟಮ್ 24 ಎಂಬ ಮಾದರಿಯಲ್ಲಿ ನಮ್ಮ ವೀಣೆಯಷ್ಟೇ ಮೆಟ್ಟಿಲುಗಳು.

ತಂತಿಯ ಮಿಡಿಯುವ ಉದ್ದ ಫೆಂಡರಿನಲ್ಲಿ ಇಪ್ಪತ್ತೈದೂವರೆ ಅಂಗುಲ, ಗಿಬ್ಸನ್ನಿನಲ್ಲಿ ಇಪ್ಪತ್ತನಾಲ್ಕೂ ಮುಕ್ಕಾಲು, ಪಿ.ಆರ್.ಎಸ್.ನಲ್ಲಿ ಸರಿಯಾಗಿ ಇಪ್ಪತ್ತೈದು. ಮುಕ್ಕಾಲು ಅಂಗುಲದಲ್ಲೇನಿದೆ ಎನ್ನಬೇಡಿ. ಒಂದೇ ಶ್ರುತಿಗೆ ಒಂದೇ ದಪ್ಪದ ತಂತಿ ಕಟ್ಟಿದಾಗ ಉದ್ದದ ವಾದ್ಯದಲ್ಲಿ ಬಿಗಿ ಹೆಚ್ಚು, ಗಿಡ್ಡದರಲ್ಲಿ ಸಡಿಲ. ತಂತಿಯನ್ನು ಅಡ್ಡಕ್ಕೆ ಎಳೆದು ಗಮಕ ತೆಗೆಯುವವರಿಗೆ ಈ ವ್ಯತ್ಯಾಸ ಮೊದಲ ನಿಮಿಷದಲ್ಲೇ ತಿಳಿಯುತ್ತದೆ. ಬೆರಳುಹಲಗೆಯ ಉಬ್ಬೂ ಹಾಗೆಯೇ. ಹಳೆಯ ಫೆಂಡರುಗಳಲ್ಲಿ ಉಬ್ಬು ಹೆಚ್ಚು; ಸ್ವರಮೇಳಗಳನ್ನು ಹಿಡಿಯಲು ಹಿತ, ಆದರೆ ಮೇಲಿನ ಮೆಟ್ಟಿಲುಗಳಲ್ಲಿ ತಂತಿಯನ್ನು ದೂರಕ್ಕೆ ಎಳೆದರೆ ಅದು ಮುಂದಿನ ಮೆಟ್ಟಿಲಿಗೆ ತಗಲಿ ಸ್ವರ ಸತ್ತುಹೋಗುತ್ತದೆ. ಗಿಬ್ಸನ್ನಿನ ಹಲಗೆ ಹೆಚ್ಚು ಚಪ್ಪಟೆ. ತೋಡಿಯ ಗಾಂಧಾರವನ್ನು ಗಿಟಾರಿನಲ್ಲಿ ಹಿಡಿಯಹೊರಟ ನಮ್ಮ ಮಕ್ಕಳಿಗೆ ಈ ಅಳತೆಗಳನ್ನು ಹೇಳಿಕೊಡುವ ಅಂಗಡಿಯವನು ಸಿಕ್ಕುವುದು ಅಪರೂಪ, ನಾವೇ ತಿಳಿದುಕೊಳ್ಳಬೇಕು.

ಇನ್ನು ಕೆಲಸದ ಅಚ್ಚುಕಟ್ಟು. ಈ ದೃಷ್ಟಿಯಿಂದ ಮೂರರಲ್ಲಿ ನನ್ನ ಮೊದಲ ಮಣೆ ಪಿ.ಆರ್.ಎಸ್.ಗೆ. ಅಂಗೈಯನ್ನು ದಂಡಿಯ ಅಂಚಿನುದ್ದಕ್ಕೂ ಜಾರಿಸಿದರೆ ಮೆಟ್ಟಿಲಿನ ತುದಿಗಳು ತಾಗುವುದೇ ಇಲ್ಲ. ಅದರಲ್ಲಿ ಜೀವವಿಲ್ಲ, ಎಲ್ಲವೂ ಅತಿ ಸ್ವಚ್ಛ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ವಾದ ಹಿಡಿಸುವುದಿಲ್ಲ. ಜೀವ ನುಡಿಸುವವನಿಂದ ಬರಬೇಕು. ಲೆಸ್ ಪಾಲಿನ ವಿಷಯದಲ್ಲಿ ಒಂದೇ ಮಾದರಿಯ ಎರಡು ವಾದ್ಯಗಳ ನಡುವೆ ತೂಕದಲ್ಲೇ ಒಂದೆರಡು ಪೌಂಡು ಅಂತರವಿರುವುದುಂಟು; ಆದ್ದರಿಂದ ಅದನ್ನು ನೋಡದೆ ಅಂಚೆಯಲ್ಲಿ ತರಿಸುವುದು ಹೆಣ್ಣು ನೋಡದೆ ಮದುವೆ ನಿಶ್ಚಯಿಸಿದಂತೆ. ಅದರ ತಲೆ ಹದಿನೇಳು ಡಿಗ್ರಿಯಷ್ಟು ಹಿಂದಕ್ಕೆ ಬಾಗಿರುತ್ತದೆ. ಆ ಬಾಗಿನಲ್ಲಿ ಮರದ ನಾರು ಕಿರಿದು, ಒಳಗೆ ಉಕ್ಕಿನ ಸರಳಿಗಾಗಿ ಕೊರೆದ ಟೊಳ್ಳು ಬೇರೆ. ಬಿದ್ದರೆ ಮೊದಲು ಮುರಿಯುವುದು ಅಲ್ಲಿಯೇ. ಅದೇ ಗಿಬ್ಸನ್ ಕಂಪನಿ 1984ರಲ್ಲಿ ನಮ್ಮ ರಾಜ್ಯದ ಕಲಮಜೂ ಊರನ್ನು ತೊರೆದಾಗ, ಹಿಂದೆ ಉಳಿದ ಕೆಲವು ಕುಶಲಕರ್ಮಿಗಳು ಮರುವರ್ಷ ಹೆರಿಟೇಜ್ ಎಂಬ ಹೆಸರಿನಿಂದ ಅದೇ ಹಳೆಯ ಕಟ್ಟಡದಲ್ಲಿ ಗಿಟಾರು ಮಾಡತೊಡಗಿದರು. ಹೆಸರು ನ್ಯಾಷ್‌ವಿಲ್ ಊರಿಗೆ ಹೋಯಿತು, ಕೈಗಳು ಇಲ್ಲಿಯೇ ಉಳಿದವು!

ಮರದ ಜಾತಿಯಿಂದ ನಾದ ಬದಲಾಗುತ್ತದೆಂದು ಮಾರಾಟಗಾರರು ಗಂಟೆಗಟ್ಟಲೆ ಹೇಳಬಲ್ಲರು. ಎಲೆಕ್ಟ್ರಿಕ್ ಗಿಟಾರಿನಲ್ಲಿ ನಾದ ಹುಟ್ಟುವುದು ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ. ವೀಣೆಯ ಕೊಡಕ್ಕಿರುವ ಕೆಲಸ ಇಲ್ಲಿನ ಒಡಲಿಗಿಲ್ಲ. ಹಾಗಾಗಿ ಹುಲಿಪಟ್ಟೆಗೆ ಸಾವಿರ ಡಾಲರು ಹೆಚ್ಚು ತೆರುವುದನ್ನು ನಾನು ಅಲಂಕಾರದ ಖರ್ಚೆಂದೇ ಬರೆದುಕೊಳ್ಳುತ್ತೇನೆ.

ಆದರೆ ಬೆರಳ ಕೆಳಗಿನ ಮರದ ಮಾತೇ ಬೇರೆ. ಬ್ರೆಜಿಲ್ ದೇಶದ ಬೀಟೆ ದುರ್ಲಭವಾದ ಮೇಲೆ ಅಮೆರಿಕೆಯ ಗಿಟಾರುಗಳ ಬೆರಳುಹಲಗೆಗೆ ಬಂದದ್ದು ಭಾರತದ ಬೀಟೆ, ನಮ್ಮ ಮಲೆನಾಡು, ಕೊಡಗುಗಳ ಕಾಡಿನಲ್ಲಿ ಬೆಳೆಯುವ ಅದೇ ಮರ, ಮೈಸೂರಿನ ಕುಸುರಿ ಕೆಲಸದವರು ಬಳಸುವ ಅದೇ ಮರ. 2011ರಲ್ಲಿ ಅಮೆರಿಕೆಯ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ನಡೆಸಿ ಭಾರತದಿಂದ ಬಂದ ಹಲಗೆಗಳನ್ನು ವಶಪಡಿಸಿಕೊಂಡಿದ್ದರು. ಆ ಪ್ರಕರಣ ಮರುವರ್ಷ ರಾಜಿಯಲ್ಲಿ ಮುಗಿಯಿತು. 2017ರಿಂದ ಬೀಟೆಯ ಜಾತಿಗಳೆಲ್ಲ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ನುಣುಪಾದ, ತುಸು ಎಣ್ಣೆಯಂಶದ ಆ ಕಪ್ಪುಗೆಂಪು ಹಲಗೆಯ ಮೇಲೆ ಬೆರಳಿಟ್ಟಾಗ ನನಗೆ ಊರಿನ ಬಾಗಿಲುವಾಡದ ನೆನಪಾಗುವುದು ಬರಿಯ ಭಾವುಕತೆಯಲ್ಲ.

ಚಳಿಗಾಲದ ಬಗ್ಗೆ ಒಂದು ಮಾತು. ಬೆಂಕಿಗೂಡು, ಹೀಟರುಗಳಿಂದ ನಮ್ಮ ಮನೆಗಳ ಗಾಳಿ ಒಣಗಿ ಬಿರಿಯುವಾಗ ಊರಿನಿಂದ ತಂದ ವೀಣೆಯ ಮೇಣ ಸೀಳುವುದನ್ನೂ ಕೊಡ ಬಿರುಕು ಬಿಡುವುದನ್ನೂ ಅನೇಕರು ಕಂಡಿದ್ದೀರಿ. ಗಿಟಾರಿನಲ್ಲಿ ಹಲಗೆ ಕುಗ್ಗುತ್ತದೆ, ಲೋಹದ ಮೆಟ್ಟಿಲು ಕುಗ್ಗುವುದಿಲ್ಲ. ತುದಿಗಳು ಹೊರಚಾಚಿ ಅಂಗೈಯನ್ನು ಗರಗಸದಂತೆ ಕೊರೆಯುತ್ತವೆ. ಮರವನ್ನು ಸಾವಕಾಶವಾಗಿ ಒಣಗಿಸಿದ ತಯಾರಕನ ವಾದ್ಯದಲ್ಲಿ ಇದು ಕಡಿಮೆ. ದುಬಾರಿ ಬೆಲೆಗೆ ನಿಜವಾದ ಸಮರ್ಥನೆ ಇದ್ದರೆ ಇಲ್ಲಿದೆ. ಕೊಳ್ಳುವುದಾದರೆ ಫೆಬ್ರವರಿಯಲ್ಲಿ ಕೊಳ್ಳಿ. ವಾದ್ಯದ ಗುಟ್ಟು ಆಗ ರಟ್ಟಾಗುತ್ತದೆ.

ಇಂಡೊನೇಷ್ಯಾ, ಚೀನಾಗಳಲ್ಲಿ ತಯಾರಾದ ಸಾವಿರ ಡಾಲರಿನೊಳಗಿನ ಗಿಟಾರುಗಳು ಇಂದು ಎಷ್ಟು ಚೆನ್ನಾಗಿವೆಯೆಂದರೆ, ಕಣ್ಣು ಮುಚ್ಚಿ ಹಿಡಿದವರು ಬೆಲೆಯನ್ನು ಊಹಿಸಲಾರರು. ಆದ್ದರಿಂದ ಅಂಗಡಿಗೆ ಹೋಗುವಾಗ ನುಡಿಸುವ ಮಗುವನ್ನೇ ಕರೆದೊಯ್ಯಿರಿ. ಬೆಲೆಯ ಚೀಟಿಗಳನ್ನು ಹಿಂದಕ್ಕೆ ತಿರುಗಿಸಿ, ನಾಲ್ಕಾರು ವಾದ್ಯಗಳನ್ನು ತಲಾ ಕಾಲು ಗಂಟೆ, ಕೂತೂ ನಿಂತೂ, ನುಡಿಸಲು ಬಿಡಿ. ನೀವು ಬದಿಯಲ್ಲಿ ಸುಮ್ಮನೆ ಕುಳಿತಿರಿ. ಅದು ಆರಿಸಿದ್ದು ಅಗ್ಗದ್ದಾಗಿದ್ದರೆ, ಉಳಿದ ಹಣದಲ್ಲಿ ಸ್ವಲ್ಪವನ್ನು ಮೆಟ್ಟಿಲುಗಳನ್ನು ಮಟ್ಟ ಮಾಡಿ ತಂತಿಯ ಎತ್ತರವನ್ನು ಆ ಕೈಗೆ ಹೊಂದಿಸಿಕೊಡುವ ಊರಿನ ರಿಪೇರಿಯವನಿಗೆ ಕೊಡಿ.