ಗೋಡೆಗೆ ನೇತುಬಿದ್ದ ಕೆಂಪು ಸಿಲಿಂಡರ್: ಒತ್ತಿದರೆ ಪುಡಿ ಬಂದೀತೇ?

ಶಿಕಾರಿಪುರದ ಪೇಟೆಯಲ್ಲಾಗಲಿ, ಸೊರಬದ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ‘ಬೆಂಕಿ ಆರಿಸೋ ಸಿಲಿಂಡರ್ ಇದೆಯಾ?’ ಎಂದು ಅಂಗಡಿಯವರನ್ನು ಕೇಳಿದರೆ, ಇಟ್ಟುಕೊಂಡವರು ‘ಇದೆಯಲ್ರೀ, ಅಲ್ಲೇ ಮೂಲೇಲಿ’ ಎಂದು ಕೈ ತೋರಿಸುತ್ತಾರೆ. ಕಡೆಯ ಸಲ ಅದಕ್ಕೆ ಪುಡಿ ತುಂಬಿಸಿದ್ದು ಯಾವಾಗ ಎಂದು ಕೇಳಿ ನೋಡಿ, ಮಾತು ಮಳೆ-ಬೆಳೆ ಕಡೆಗೆ ತಿರುಗುತ್ತದೆ. ಲೈಸೆನ್ಸಿಗೋ, ಬ್ಯಾಂಕ್ ಸಾಲಕ್ಕೋ, ವಿಮೆಗೋ ಬೇಕೆಂದು ಕೊಂಡ ವಸ್ತು ಅದು. ಕಾಗದದ ಕೆಲಸ ಮುಗಿದ ಮೇಲೆ ಅದರ ಮುಂದೆ ಗೋಣಿಚೀಲ ಬಂದು ನಿಲ್ಲುತ್ತದೆ, ಮೇಲೆ ಕ್ಯಾಲೆಂಡರ್ ನೇತಾಡುತ್ತದೆ.

‘ಬೆಂಕಿ ಬಿದ್ರೆ ಫೈರ್ ಎಂಜಿನ್ ಬರುತ್ತೆ ಬಿಡಿ’ ಎಂಬ ಧೈರ್ಯ ಹಲವರದು. 101ಕ್ಕೋ 112ಕ್ಕೋ ಫೋನು ಮಾಡಿದರೆ ಬರುತ್ತದೆ, ಸುಳ್ಳಲ್ಲ. ಆದರೆ ಈ ಎರಡು ತಾಲೂಕುಗಳ ದೂರದ ಊರುಗಳಿಗೆ ಬರಬೇಕಾದರೆ ದಾರಿಯಲ್ಲಿ ಮೆಕ್ಕೆಜೋಳದ ಲಾರಿ, ಹುಲ್ಲು ಹೇರಿದ ಟ್ರ್ಯಾಕ್ಟರ್, ಸಂತೆ ದಿನವಾದರೆ ಜನಜಂಗುಳಿ. ಬಟ್ಟೆ ಅಂಗಡಿಯೊಂದು ಬೂದಿಯಾಗಲು ಅಷ್ಟು ಹೊತ್ತೂ ಬೇಡ. ಬಂದ ಗಾಡಿಯಲ್ಲಿರುವುದು ಸಾಮಾನ್ಯವಾಗಿ 4500 ಲೀಟರ್ ನೀರು. ಹುಚ್ಚರಾಯನ ಕೆರೆ ಶಿಕಾರಿಪುರದ ಮಗ್ಗುಲಲ್ಲೇ ಇದೆ, ಆದರೆ ಕೆರೆ ತಾನಾಗಿ ಅಂಗಡಿಗೆ ನಡೆದು ಬರೋದಿಲ್ಲ. ಗೋಡೆಗೆ ಗೋಡೆ ತಾಗಿದ ಪೇಟೆಯಲ್ಲಿ ಒಬ್ಬನ ಮಳಿಗೆ ಹತ್ತಿಕೊಂಡರೆ ಪಕ್ಕದವನ ಸಾಲದ ಮಾಲಿಗೂ ಉಳಿಗಾಲವಿಲ್ಲ. ಹಾಗಾಗಿ ಮೊದಲ ಎರಡು ಮೂರು ನಿಮಿಷ ಆ ಕೆಂಪು ಸಿಲಿಂಡರಿನದೇ.

ಅದರ ಒಳಗಿನ ಕಥೆ ಹೀಗೆ. ಪುಡಿಯ ಸಿಲಿಂಡರಿಗೆ ಒಂದು ಮೀಟರು ಇರುತ್ತದೆ. ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಒತ್ತಡ ಸರಿಯಿದೆ, ಕೆಂಪಿಗೆ ಇಳಿದಿದ್ದರೆ ಅದು ಬರೀ ಡಬ್ಬಿ. ಮುಳ್ಳು ಹಸಿರಲ್ಲಿದ್ದ ಮಾತ್ರಕ್ಕೆ ನೆಮ್ಮದಿಯಿಂದ ಕೂರುವಂತೆಯೂ ಇಲ್ಲ, ಏಕೆಂದರೆ ವರ್ಷಗಟ್ಟಲೆ ಅಲುಗಾಡದೆ ನಿಂತರೆ, ಅದರಲ್ಲೂ ತೇವ ಸೇರಿದರೆ, ಪುಡಿ ಗಟ್ಟಿಯಾಗಿ ಹೆಂಟೆಕಟ್ಟುತ್ತದೆ. ಮಲೆನಾಡಿನ ಅಂಚಿನ ಮಳೆಗಾಲ ಎಂದರೆ ಉಪ್ಪಿನ ಡಬ್ಬಿಯೇ ನೀರೊಡೆಯುವ ಕಾಲ! ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮೀಟರೇ ಇಲ್ಲ, ತಕ್ಕಡಿಗೆ ಹಾಕಿ ತೂಗಬೇಕು. ಗ್ಯಾಸು ನೂರಕ್ಕೆ ಹತ್ತು ಪಾಲು ಕಮ್ಮಿಯಾಗಿದ್ದರೆ ಮತ್ತೆ ತುಂಬಿಸಲೇಬೇಕು. ಒಮ್ಮೆ ‘ಟೆಸ್ಟ್ ಮಾಡೋಣ’ ಎಂದು ಚೂರು ಒತ್ತಿ ತೂಗುಹಾಕಿದ ಪುಡಿ ಸಿಲಿಂಡರು ದಿನ ಕಳೆದಂತೆ ಒತ್ತಡ ಸೋರಿಕೊಂಡು ಖಾಲಿಯಾಗುತ್ತದೆ. ತುಂಬಿದ್ದರೂ ಅಂಗಡಿಗಳಲ್ಲಿರುವ ಸಣ್ಣ ಸಿಲಿಂಡರು ಓಡುವುದು ಹತ್ತಿಪ್ಪತ್ತು ಸೆಕೆಂಡು ಅಷ್ಟೆ. ಪಿನ್ನು ಎಲ್ಲಿದೆ ಎಂದು ಹುಡುಕುವ ಹೊತ್ತಲ್ಲ ಅದು. (ಹೋಟೆಲಿನವರಿಗೆ ಬೇರೆ ಮಾತು: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ಗ್ಯಾಸ್ ಬಂದ್ ಮಾಡಿ ಮುಚ್ಚಳ ಹಾಕಿ.)

ನೋಡಿಕೊಳ್ಳಬೇಕಾದವರು ಯಾರು? ರಾಷ್ಟ್ರೀಯ ಕಟ್ಟಡ ಸಂಹಿತೆಯ ಬಿಗಿ ಕಟ್ಟಳೆಗಳು ಹೆಚ್ಚಾಗಿ 15 ಮೀಟರಿಗೆ ಮೇಲ್ಪಟ್ಟ ಕಟ್ಟಡಗಳ ಮೇಲೆ. ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ಸತ್ತ ಮೇಲೆ ರಾಜಧಾನಿಯಲ್ಲಿ ಅದರ ಚರ್ಚೆ ಜೋರಾಯಿತು, ಸತ್ತವರ ಮನೆಯವರೇ ಸೇರಿ ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಸ್ಥೆ ಕಟ್ಟಿದರು. ನಮ್ಮ ಪೇಟೆಗಳ ಎರಡು ಅಂತಸ್ತಿನ ಮಳಿಗೆಗೆ ಆ ಬಿಸಿ ತಟ್ಟಲಿಲ್ಲ. ವ್ಯಾಪಾರ ಲೈಸೆನ್ಸ್ ನವೀಕರಿಸುವ ದಿನ ಸ್ಥಳೀಯ ಸಂಸ್ಥೆಯವರು ಸಿಲಿಂಡರಿನ ಚೀಟಿಯ ಮೇಲಿನ ತಾರೀಖು ಓದಿದರೆ ಖರ್ಚೇನೂ ಇಲ್ಲ. ಬಸ್ಸಿನಲ್ಲಿ ಓಡಾಡುವವರೂ ಒಮ್ಮೆ ಡ್ರೈವರ್ ಹಿಂದೆ ಕಣ್ಣು ಹಾಯಿಸಲಿ, ಸಿಲಿಂಡರ್ ಇದೆಯೋ, ಬ್ಯಾಗುಗಳ ಅಡಿ ಹೂತುಹೋಗಿದೆಯೋ.

1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಹಡಗು ಸ್ಫೋಟಿಸಿ ಮಡಿದ ಅಗ್ನಿಶಾಮಕರ ನೆನಪಿಗೆ ದೇಶವೆಲ್ಲ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಸುತ್ತದೆ. ಇಲಾಖೆಯವರು ಬೆಂಕಿ ಹಚ್ಚಿ ಆರಿಸಿ ತೋರಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಎರಡೂ ಊರಿನ ವರ್ತಕರು ಬರುವ ಸಪ್ತಾಹಕ್ಕೆ ಅವಧಿ ಮುಗಿದ ತಮ್ಮ ಸಿಲಿಂಡರುಗಳನ್ನೇ ಮೈದಾನಕ್ಕೆ ಹೊತ್ತುಕೊಂಡು ಹೋಗಿ, ಪಿನ್ನು ಕಿತ್ತು ತಾವೇ ಒತ್ತಿ ನೋಡಲಿ. ಹೇಗಿದ್ದರೂ ಖಾಲಿ ಮಾಡಿ ಹೊಸ ಪುಡಿ ತುಂಬಿಸಬೇಕಾದವೇ ಅವು. ಎಷ್ಟು ಸಿಲಿಂಡರುಗಳಿಂದ ಪುಡಿ ಹೊರಬಂತು ಎಂಬ ಲೆಕ್ಕ ಅಂದೇ ಸಂಜೆ ಊರಿಗೆಲ್ಲ ಗೊತ್ತಾಗುತ್ತದೆ.