ಘಟಸರ್ಪದ ಬಲ

ಮಧ್ಯಯುಗದ ಯುರೋಪಿನ ಮಠಗಳಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದು, ಬಣ್ಣ ಬಂಗಾರಗಳಿಂದ ಸಿಂಗರಿಸಿದ ಮೃಗಗ್ರಂಥಗಳನ್ನು ಪ್ರಾಣಿಶಾಸ್ತ್ರದ ಬಾಲಲೀಲೆಯೆಂದು ನಕ್ಕು ಬದಿಗಿರಿಸುವ ವಾಡಿಕೆ ವಿದ್ಯಾವಂತರಲ್ಲಿ ಬೇರೂರಿದೆ. ಈ ನಗೆ ಅವಸರದ್ದೆಂಬುದನ್ನು ತೋರಿಸಲು ಅವುಗಳಲ್ಲಿ ಬರುವ ಘಟಸರ್ಪದ ಪ್ರಕರಣವೊಂದೇ ಸಾಕು.

ಕ್ರಿ.ಶ. 1200ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಸಿದ್ಧವಾಗಿ ಈಗ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿರುವ ಪ್ರತಿಯನ್ನೇ ನೋಡಬಹುದು. ಅದರಲ್ಲಿನ ಘಟಸರ್ಪವು ಸರ್ಪಜಾತಿಗೆಲ್ಲ ಹಿರಿದು. ತಲೆಯ ಮೇಲೆ ಜುಟ್ಟುಂಟು, ಬಾಯಿ ಮಾತ್ರ ಕಿರಿದು. ಕೊಲ್ಲಲು ಅದಕ್ಕೆ ವಿಷ ಬೇಕಿಲ್ಲ, ಏಕೆಂದರೆ ಅದರ ಬಲವೆಲ್ಲ ಬಾಲದಲ್ಲಿದೆ. ಆನೆಗಳು ನಡೆದಾಡುವ ದಾರಿಯಲ್ಲಿ ಹೊಂಚಿ ಕುಳಿತು, ಬಂದ ಆನೆಯ ಕಾಲುಗಳಿಗೆ ಬಾಲವನ್ನು ಸುತ್ತಿ, ಗಂಟುಹಾಕಿ, ಉಸಿರುಕಟ್ಟಿಸಿ ಕೊಲ್ಲುತ್ತದೆ. ಈ ವರ್ಣನೆ 636ರಲ್ಲಿ ಕಾಲವಾದ ಸೆವಿಲ್ಲಿನ ಬಿಷಪ್ ಇಸಿಡೋರನಿಂದ ಇಳಿದು ಬಂದದ್ದು. ಅವನಿಗೂ ಮುನ್ನ, ಮೊದಲನೆಯ ಶತಮಾನದಲ್ಲಿ, ರೋಮಿನ ಪ್ಲಿನಿಯು ಆನೆಯ ರಕ್ತ ತಂಪಾದುದರಿಂದ ಬೇಸಗೆಯಲ್ಲಿ ಘಟಸರ್ಪವು ಅದನ್ನು ಹೀರಲೆಳಸುವುದೆಂದೂ, ರಕ್ತ ಬತ್ತಿ ಕುಸಿಯುವ ಆನೆಯ ಅಡಿಗೆ ಸಿಕ್ಕಿ ತಾನೂ ಸಾಯುವುದೆಂದೂ ಬರೆದಿದ್ದನು. ಇಬ್ಬರೂ ಈ ಮೃಗದ ತವರುಗಳಲ್ಲಿ ಭಾರತವನ್ನು ಹೆಸರಿಸಿದ್ದಾರೆ. ಆನೆಯನ್ನು ಪಳಗಿಸಿ ಪಟ್ಟದಾನೆಯಾಗಿಸಿದ ನಮ್ಮವರ ಕಣ್ಣಿಗೆ ಮಾತ್ರ ಅದು ಎಂದೂ ಬೀಳಲಿಲ್ಲ!

ಆ ಮೃಗ ಉಂಟೋ ಇಲ್ಲವೋ ಎಂಬ ನಮ್ಮ ಪ್ರಶ್ನೆ ಆ ಲಿಪಿಕಾರನನ್ನು ಬಾಧಿಸಿದಂತೆ ತೋರುವುದಿಲ್ಲ. ಸೃಷ್ಟಿಯೆಲ್ಲವೂ ದೇವರ ಬರಹವಾಗಿರುವಾಗ ಪ್ರತಿ ಪ್ರಾಣಿಯೂ ಓದಬೇಕಾದ ಒಂದಕ್ಷರವೆಂಬುದು ಅವನ ಶ್ರದ್ಧೆ. ಹೆಣ್ಣಾನೆಯು ಘಟಸರ್ಪಕ್ಕೆ ಅಂಜಿ ನೀರಿಗಿಳಿದು ಮರಿಹಾಕುವುದು, ಗಂಡಾನೆ ದಡದಲ್ಲಿ ಕಾವಲು ನಿಲ್ಲುವುದು ಎಂದು ಹೇಳಿ, ಆ ದಂಪತಿಗಳೇ ಆದಾಮನೂ ಹವ್ವಳೂ ಎಂದು ಅರ್ಥೈಸುತ್ತಾನೆ. ಗವಿಯಿಂದ ಮೇಲೇಳುವ ಘಟಸರ್ಪದ ಸುತ್ತ ಗಾಳಿಯೇ ಬೆಳಗುವುದಂತೆ. ಸೈತಾನನೂ ತೇಜೋಮಯನಾದ ದೇವದೂತನ ವೇಷದಲ್ಲೇ ಬರುವನಷ್ಟೆ! ಬಾಲದ ಗಂಟು ಸ್ವರ್ಗದ ಹಾದಿಯಲ್ಲಿ ಕಾಲಿಗೆ ತೊಡರುವ ಪಾಪ. ಕೇಡು ಎದುರಿನಿಂದ ಬಾಯ್ದೆರೆದು ಬರುವುದಕ್ಕಿಂತ, ನಾವು ದಿನವೂ ತುಳಿದು ಪಳಗಿದ ದಾರಿಯಲ್ಲೇ ಹಿಂದಿನಿಂದ ಸುತ್ತಿಕೊಳ್ಳುವುದೇ ಹೆಚ್ಚೆಂಬ ಈ ಲೋಕಜ್ಞಾನ, ಇಂದಿನ ಚಲನಚಿತ್ರಗಳಲ್ಲಿ ಬೆಂಕಿಯುಗುಳುತ್ತ ಹಾರಾಡುವ ಮೃಗಕ್ಕೆ ಎಲ್ಲಿಂದ ಬರಬೇಕು?

ಕುದುರೆಯೇರಿದ ಸಂತ ಜಾರ್ಜನ ಕೈಯಲ್ಲಿ ಹತವಾಗುವ ಘಟಸರ್ಪವೇ ಜನಪ್ರಿಯವಾದದ್ದೇನೋ ಸಹಜ, ಏಕೆಂದರೆ ಅಲ್ಲಿ ಕಥೆ ಮುಗಿಯುತ್ತದೆ, ಕೇಳಿದವನು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಮೃಗಗ್ರಂಥದಲ್ಲಾದರೋ ಅಂತಹ ವೀರನಿಲ್ಲ. ಕ್ರಿಸ್ತನ ಪ್ರತೀಕವಾದ ಚಿರತೆಯ ಉಸಿರಿನ ಸುಗಂಧಕ್ಕೆ ಮಿಕ್ಕ ಮೃಗಗಳೆಲ್ಲ ಹಿಂಬಾಲಿಸಿ ಬರುವಾಗ ಘಟಸರ್ಪವೊಂದು ಮಾತ್ರ ಅದನ್ನು ತಾಳಲಾರದೆ ಬಿಲ ಸೇರುತ್ತದೆ. ಅಲ್ಲಿಯೂ ಅದನ್ನು ಯಾರೂ ಕೊಲ್ಲುವುದಿಲ್ಲ.