ಮನಸ್ಸಿನ ಗಾಯಕ್ಕೂ ಮದ್ದಿದೆ



ಮಳೆಗಾಲದಲ್ಲಿ ಗುಡುಗು ಕೇಳಿದೊಡನೆ ನಿಮ್ಮ ಮನೆಯಲ್ಲಿ ಯಾರಾದರೂ ನಡುಗುತ್ತಾರೆಯೇ? ನಡುರಾತ್ರಿ ಎದ್ದು ಹೊಸ್ತಿಲ ಮೇಲೆ ಕೂರುತ್ತಾರೆಯೇ? 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿದಾಗ ಜಮಖಂಡಿ, ಮುಧೋಳ ಭಾಗದ ನದಿದಂಡೆಯ ಜನ ಮಕ್ಕಳನ್ನು ಎತ್ತಿಕೊಂಡು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ನೀರಿಳಿದ ಮೇಲೆ ಬಿದ್ದ ಗೋಡೆಗೆ ಪರಿಹಾರದ ಅರ್ಜಿ ಬರೆದೆವು. ಮನಸ್ಸಿಗೆ ಬಿದ್ದ ಪೆಟ್ಟಿಗೆ ಮಾತ್ರ ಆ ಅರ್ಜಿಯಲ್ಲಿ ಜಾಗವಿರಲಿಲ್ಲ.

ನೆರೆಯೊಂದೇ ಅಲ್ಲ. ಕಬ್ಬಿನ ಟ್ರ್ಯಾಕ್ಟರಿನಡಿ ಮಗನನ್ನು ಕಳೆದುಕೊಂಡ ತಾಯಿ, ಒಲೆಯ ಬೆಂಕಿಯಲ್ಲಿ ಬೆಂದು ಬದುಕಿದ ಸೊಸೆ, ಹೊಡೆತ ತಿಂದು ತವರಿಗೆ ಮರಳಿದ ಮಗಳು ನಮ್ಮ ಸಮೀರವಾಡಿಯಂಥ ಪ್ರತಿ ಊರಿನಲ್ಲೂ ಇರುತ್ತಾರೆ. ಅವರ ಕಷ್ಟಕ್ಕೆ ಕೆಲವು ಗುರುತುಗಳಿವೆ. ಬೇಡವೆಂದರೂ ಆ ಘಟನೆ ಕಣ್ಣ ಮುಂದೆ ಬರುತ್ತದೆ. ಕೆಟ್ಟ ಕನಸು ಬೀಳುತ್ತದೆ. ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾರೆ. ಆ ಜಾಗಕ್ಕೆ ಹೋಗುವುದಿಲ್ಲ, ಆ ಮಾತು ಎತ್ತುವುದಿಲ್ಲ. ಹೆತ್ತ ಮಕ್ಕಳ ಮೇಲೂ ಪ್ರೀತಿ ಹುಟ್ಟದಂತೆ ಮನಸ್ಸು ಜಡವಾಗುತ್ತದೆ. ಆಘಾತದ ಮೊದಲ ದಿನಗಳಲ್ಲಿ ಇದು ಹೆಚ್ಚಿನವರಿಗೆ ಆಗುವುದೇ, ಮನೆಯವರ ಆಸರೆಯಿಂದ ಬಹಳ ಮಂದಿ ತಾವಾಗಿ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಕಳೆದರೂ ಬಿಡದಿದ್ದರೆ ಮಾತ್ರ ಅದನ್ನು ಕಾಯಿಲೆ ಎಂದೇ ತಿಳಿದು ಚಿಕಿತ್ಸೆ ಮಾಡಿಸಬೇಕು.

ಆದರೆ ನಾವು ಮಾಡುವುದೇನು? "ಗಾಳಿ ಸೋಕಿದೆ" ಎಂದು ತಾವೀಜು ಕಟ್ಟಿಸುತ್ತೇವೆ. "ಸಬರ್ ಮಾಡು ಬೇಟಿ" ಎಂದು ಬಾಯಿ ಮುಚ್ಚಿಸುತ್ತೇವೆ. ಸಬರ್ ದೊಡ್ಡ ಗುಣ, ನಿಜ. ಆದರೆ ಪ್ರವಾದಿ ಯಾಕೂಬರ(ಅ) ವೃತ್ತಾಂತವನ್ನು ನೆನಪಿಸಿಕೊಳ್ಳಿ. ಮಗ ಯೂಸುಫರ(ಅ) ಅಗಲಿಕೆಯಲ್ಲಿ ಅತ್ತು ಅತ್ತು ಅವರ ಕಣ್ಣುಗಳೇ ಬಿಳುಪೇರಿದವು. ಹಾಗಿದ್ದೂ ಸಹನೆಗೆ ನಾವು ಅವರನ್ನೇ ಮಾದರಿಯಾಗಿ ತೋರಿಸುತ್ತೇವೆ! ರೋಗ ಬಂದಾಗ ಮದ್ದು ಮಾಡಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಹೇಳಿದ್ದಾರೆ. ಮನಸ್ಸಿನ ರೋಗವನ್ನು ಅದರಿಂದ ಹೊರಗಿಡಲು ನಾವು ಯಾರು? ಹತ್ತನೇ ಶತಮಾನದಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹದ ಆರೋಗ್ಯದ ಜೊತೆಯಲ್ಲೇ ಮನಸ್ಸಿನ ಆರೋಗ್ಯದ ಕುರಿತೂ ಗ್ರಂಥ ಬರೆದಿದ್ದರು. ದುಆ ಮಾಡೋಣ, ಜೊತೆಗೆ ಚಿಕಿತ್ಸೆಯನ್ನೂ ಮಾಡಿಸೋಣ.

"ಆಪಾ, ದಿನಗೂಲಿಯವರು ನಾವು, ಅಷ್ಟು ದುಡ್ಡು ಎಲ್ಲಿಂದ ತರೋದು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಪ್ತಸಮಾಲೋಚನೆ ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ, ವಾರ ವಾರ ಹೋಗಬೇಕಾಗುತ್ತದೆ. ಖಾಸಗಿಯಾಗಿ ಪ್ರತಿ ಬಾರಿ ಫೀಸು ಕೊಡುವುದು ಬಡವರಿಂದಾಗದ ಮಾತು. ಇದಕ್ಕೆ ದಾರಿಯೆಂದರೆ ಮನೋವೈದ್ಯರನ್ನೂ ಮನಶ್ಶಾಸ್ತ್ರಜ್ಞರನ್ನೂ ತರಬೇತು ಮಾಡುವ ಸರಕಾರಿ ಸಂಸ್ಥೆಗಳು. ನಮಗೆ ಹತ್ತಿರದ್ದು ಧಾರವಾಡದ ಡಿಮ್ಹಾನ್ಸ್. 1845ರಷ್ಟು ಹಿಂದೆ ಆರಂಭವಾದ ಮಾನಸಿಕ ಆಸ್ಪತ್ರೆಯೇ ಇಂದು ಕಲಿಕೆಯ ಸಂಸ್ಥೆಯೂ ಆಗಿದೆ. ಇನ್ನೊಂದು ಬೆಂಗಳೂರಿನ ನಿಮ್ಹಾನ್ಸ್. 1994ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. 1981ರಲ್ಲಿ ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳು, ಸತ್ತಾಗ ಮನೆಯವರ ದುಃಖವನ್ನು ಅಧ್ಯಯನ ಮಾಡಿದವರು ಅಲ್ಲಿಯವರೇ.

ಇಂಥ ಕಡೆ ನಿಮ್ಮ ಮಾತು ಕೇಳಲು ಕೂರುವವರು ಅನೇಕ ಬಾರಿ ತರಬೇತಿಯಲ್ಲಿರುವ ಯುವಕ ಯುವತಿಯರು. "ನಮ್ಮ ಮೇಲೆ ಕಲಿಯುತ್ತಾರಾ?" ಎಂದು ಅಳುಕಬೇಡಿ. ಮದ್ರಸದಲ್ಲಿ ಹಿಫ್ಝ್ ಮಾಡುವ ಹುಡುಗ ಅಂದಿನ ಸಬಕನ್ನು ಉಸ್ತಾದರಿಗೆ ಒಪ್ಪಿಸದೆ ಮುಂದಿನ ಸಾಲಿಗೆ ಹೋಗುತ್ತಾನೆಯೇ? ಇಲ್ಲಿಯೂ ಹಾಗೆಯೇ. ಅವರಲ್ಲಿ ಅನೇಕರು ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿ ಬಂದವರು. ನೋಡಿದ್ದನ್ನು, ಮಾಡಿದ್ದನ್ನು ಹಿರಿಯರ ಮುಂದಿಟ್ಟು ತಿದ್ದಿಸಿಕೊಳ್ಳುತ್ತಾರೆ. ಗಡಿಬಿಡಿಯಿಲ್ಲದೆ ಕೂತು ಕೇಳುವ ವ್ಯವಧಾನ ಅವರಿಗಿರುತ್ತದೆ. ಒಂದು ತೊಡಕೂ ಇದೆ. ತರಬೇತಿ ಮುಗಿದಾಗ ಅಥವಾ ವಿಭಾಗ ಬದಲಾದಾಗ ಅವರು ಹೊರಟುಹೋಗಬಹುದು. ಆದ್ದರಿಂದ ಮೊದಲೇ ಕೇಳಿಕೊಳ್ಳಿ: "ನೀವು ಎಲ್ಲಿಯವರೆಗೆ ಇರುತ್ತೀರಿ? ನಿಮ್ಮ ಮೇಲಿನ ಹಿರಿಯರು ಯಾರು?" ಹೆಣ್ಣುಮಕ್ಕಳೇ ಬೇಕೆಂದು ಕೇಳಲೂ ಸಂಕೋಚ ಬೇಡ.

ಅಲ್ಲಿ ಏನು ಮಾಡುತ್ತಾರೆ? ಮೊದಲು ನಿದ್ದೆ, ಉಸಿರು, ಹೆದರಿಕೆಗಳನ್ನು ಹತೋಟಿಗೆ ತರುವುದನ್ನು ಕಲಿಸುತ್ತಾರೆ. ಧೈರ್ಯ ಬಂದ ಮೇಲೆ ನಡೆದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿಸುತ್ತಾರೆ, ದೂರ ಮಾಡಿದ ಜಾಗ, ಕೆಲಸಗಳ ಹತ್ತಿರ ಹಂತಹಂತವಾಗಿ ಕರೆದೊಯ್ಯುತ್ತಾರೆ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಮನೋವೈದ್ಯರು ತೀರ್ಮಾನಿಸುತ್ತಾರೆ. ಆಘಾತವಾದ ಮರುದಿನವೇ "ಎಲ್ಲ ಹೇಳು" ಎಂದು ನಾವು ಒತ್ತಾಯಿಸುವುದು ಮಾತ್ರ ಒಳ್ಳೆಯದಲ್ಲ. ಹತ್ತಿರ ಕೂತು ಚಹಾ ಕೊಟ್ಟರೆ ಆಗ ಅಷ್ಟೇ ಸಾಕು.

ಕಾನೂನೂ ನಿಮ್ಮ ಜೊತೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ, ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಕಾಯಿಲೆಯ ವಿಷಯ ಗುಟ್ಟಾಗಿಡಿಸುವ ಹಕ್ಕೂ ಇದೆ. "ಊರಿಗೆ ಗೊತ್ತಾದರೆ ತಂಗಿಯ ನಿಕಾಹ್ ಗತಿಯೇನು?" ಎಂದು ಹೆದರಿ ಮಗಳನ್ನು ಒಳಕೋಣೆಯಲ್ಲಿ ಕೂಡಿಹಾಕುವ ತಾಯಂದಿರು ಇದನ್ನು ತಿಳಿದಿರಬೇಕು.

ಧಾರವಾಡಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ ಮನೆಯಿಂದಲೇ ಆರಂಭಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯದಲ್ಲಿ 2014ರಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಆರಂಭವಾಗಿತ್ತು. ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ಚಿಕಿತ್ಸೆ ಬೇಕೆಂದಾದರೆ ಅಲ್ಲಿಂದಲೇ ಚೀಟಿ ಬರೆಸಿಕೊಂಡು ಧಾರವಾಡಕ್ಕೆ ಹೊರಡಿ. ಮನೆಯಲ್ಲಿ ಹೊಡೆತ ಇನ್ನೂ ನಡೆಯುತ್ತಿದ್ದರೆ ಸಮಾಲೋಚನೆಗಿಂತ ಮೊದಲು ರಕ್ಷಣೆ ಬೇಕು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಯಾರಾದರೂ ಸಾಯುವ ಮಾತಾಡಿದರೆ ಅದನ್ನು ನಾಟಕವೆನ್ನಬೇಡಿ. ಅವರನ್ನು ಒಬ್ಬರೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಹೋದರಿಯರೇ, ಕಾಲು ಮುರಿದ ಮಗಳಿಗೆ ಬರೀ ಸಬರ್ ಹೇಳಿ ಸುಮ್ಮನೆ ಕೂರುವ ತಾಯಿ ನಮ್ಮಲ್ಲಿ ಒಬ್ಬಳೂ ಇಲ್ಲ. ಮನಸ್ಸು ಮುರಿದವಳಿಗೂ ಆ ನ್ಯಾಯವೇ ಸಲ್ಲಬೇಕು. ಈ ವಾರ ನಿಮ್ಮ ಮನೆಯಲ್ಲೋ ನೆರೆಯಲ್ಲೋ ನಿದ್ದೆಗೆಟ್ಟವಳು ಯಾರೆಂದು ನೋಡಿ. "ನಾನೂ ಜೊತೆಗೆ ಬರ್ತೀನಿ" ಎಂದು ಹೇಳಿ. ಒಬ್ಬಳೇ ಬಸ್ಸು ಹತ್ತಲಾರದವಳಿಗೆ ಆ ಒಂದು ಮಾತೇ ದೊಡ್ಡ ಆಸರೆ.